ಬಾವಿಗೆ 18 ಮೀಟರ್, ಸರಳಿಗೆ 45 ಮಿ.ಮೀ.: ಮನೆ ರಿಪೇರಿಗೆ ಮೊದಲು ಬಿಐಎಸ್ ಮಾನಕ ಓದಿದರೆ ಎಷ್ಟು ಉಪಯೋಗ?

ಹಿತ್ತಲಲ್ಲಿದ್ದ ಬಚ್ಚಲನ್ನು ಒಳಗೆ ತರುವುದು, ಮಲಗುವ ಕೋಣೆಗೆ ಅಟ್ಯಾಚ್ಡ್ ಬಾತ್‌ರೂಮ್ ಸೇರಿಸುವುದು, ಹಂಚಿನ ಮಾಡಿನ ಒಂದು ಪಾಲು ಇಳಿಸಿ ಸ್ಲ್ಯಾಬ್ ಹಾಕುವುದು. ಕಾರವಾರದಿಂದ ಭಟ್ಕಳದವರೆಗೂ, ಘಟ್ಟ ಹತ್ತಿದರೆ ಶಿರಸಿ ಸಿದ್ದಾಪುರದಲ್ಲೂ ಮನೆ ರಿಪೇರಿ ಎಂದರೆ ಬಹುಪಾಲು ಇವೇ ಕೆಲಸಗಳು. ಪೈಪಿನ ಇಳಿಜಾರು ಎಷ್ಟು, ಇಂಗುಗುಂಡಿ ಬಾವಿಯಿಂದ ಎಷ್ಟು ದೂರ, ಸರಳಿನ ಕೆಳಗೆ ಎಷ್ಟು ಕಾಂಕ್ರೀಟು ಎಂಬುದನ್ನೆಲ್ಲ ಮೇಸ್ತ್ರಿಯ ಕಣ್ಣಳತೆಗೆ ಬಿಟ್ಟುಬಿಡುವುದು ನಮ್ಮ ಕಡೆಯ ರೂಢಿ. ಆದರೆ ಇವುಗಳಿಗೆಲ್ಲ ಬರೆದಿಟ್ಟ ಅಳತೆ ಇದೆ. ಅದನ್ನು ಭಾರತೀಯ ಮಾನಕ ಬ್ಯೂರೋ (ಬಿಐಎಸ್) ತನ್ನ ಜಾಲತಾಣದ ‘ನೋ ಯುವರ್ ಸ್ಟ್ಯಾಂಡರ್ಡ್ಸ್’ ವಿಭಾಗದಲ್ಲಿ ದುಡ್ಡಿಲ್ಲದೆ ಕೊಡುತ್ತಿದೆ. ಮನೆ ಯಜಮಾನನೊಬ್ಬ ಇದನ್ನು ಓದಿ ಕೆಲಸ ಮಾಡಿಸಬಹುದೇ, ಕರಾವಳಿಯ ಮನೆಗೆ ಇದು ಎಷ್ಟು ಹೊಂದುತ್ತದೆ ಎಂಬುದನ್ನು ಇಲ್ಲಿ ನೋಡಿದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ಪೂರ್ತಿ ಓದಲು ಹೊರಟರೆ ದಾರಿ ತಪ್ಪುತ್ತೀರಿ. ಬೇಕಾದ ನಾಲ್ಕೈದು ಮಾನಕಗಳನ್ನು ಆರಿಸಿ, ಅವುಗಳ ಕೋಷ್ಟಕಗಳನ್ನಷ್ಟೇ ಓದಿದರೆ ಇದಕ್ಕಿಂತ ಒಳ್ಳೆಯ ಸಲಹೆ ದುಡ್ಡು ಕೊಟ್ಟರೂ ಸುಲಭಕ್ಕೆ ಸಿಗದು. ಅವುಗಳಲ್ಲೂ ಒಂದನ್ನೇ ಓದುತ್ತೇನೆ ಎನ್ನುವವರು ಸೆಪ್ಟಿಕ್ ಟ್ಯಾಂಕಿನ ಮಾನಕದ ಎರಡನೇ ಭಾಗವನ್ನು ಓದಲಿ. ಬಾವಿ ನೀರು ಕುಡಿಯುವ ಮನೆಗೆ ಅದಕ್ಕಿಂತ ಮುಖ್ಯವಾದದ್ದು ಬೇರೆ ಇಲ್ಲ.

ಜಾಲತಾಣದ ಬಳಕೆ ಕಷ್ಟವೇನಲ್ಲ. ಒಮ್ಮೆ ನೋಂದಣಿ ಮಾಡಿಕೊಂಡು ಮಾನಕದ ಸಂಖ್ಯೆ ಹಾಕಿದರೆ ಪಿಡಿಎಫ್ ಇಳಿಯುತ್ತದೆ. ‘ಬಾತ್‌ರೂಮ್ ಪೈಪ್’ ಎಂಬಂಥ ಮಾತು ಹಾಕಿ ಹುಡುಕಿದರೆ ಸಂಬಂಧವಿಲ್ಲದ ಹತ್ತಾರು ಹೆಸರು ಬರುತ್ತವೆ. ಆದ್ದರಿಂದ ಸಂಖ್ಯೆ ಗೊತ್ತಿದ್ದೇ ಒಳಗೆ ಹೋಗಬೇಕು. ಹಳೆಯ ಮಾನಕಗಳು ಮುದ್ರಿತ ಪುಟದ ಚಿತ್ರಗಳು, ಹಾಗಾಗಿ ಅವುಗಳೊಳಗೆ ಪದ ಹುಡುಕಲು ಬಾರದು. ತಿದ್ದುಪಡಿಗಳು ಬೇರೆ ಹಾಳೆಗಳಾಗಿ ಸೇರಿರುತ್ತವೆ. ಅವನ್ನು ಮೊದಲು ಓದಿ, ಮೂಲದ ಅಂಕಿಯನ್ನು ಪೆನ್ಸಿಲಿನಲ್ಲಿ ತಿದ್ದಿಕೊಂಡು ಮುಂದೆ ಹೋಗಬೇಕು. ದೊಡ್ಡ ಕೊರತೆ ಭಾಷೆಯದು. ಇದು ಇರುವುದು ಇಂಗ್ಲಿಷಿನಲ್ಲಿ, ಅದೂ ಇಂಜಿನಿಯರುಗಳ ಇಂಗ್ಲಿಷಿನಲ್ಲಿ. ಕುಮಟೆಯ ಪ್ಲಂಬರನ ಕೈಗೆ ಕೊಟ್ಟರೆ ಅವನಿಗೆ ಉಪಯೋಗಕ್ಕೆ ಬರುವುದು ಚಿತ್ರ ಮತ್ತು ಕೋಷ್ಟಕ ಮಾತ್ರ. ಇಷ್ಟು ಬೆಲೆಬಾಳುವ ಮಾಹಿತಿ ಕೆಲಸ ಮಾಡುವ ಕೈಗೇ ತಲುಪದೆ ಉಳಿದಿದೆ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ರಾಷ್ಟ್ರೀಯ ಕಟ್ಟಡ ಸಂಹಿತೆ, ಅಂದರೆ ಎನ್‌ಬಿಸಿ, 1970ರಲ್ಲಿ ಮೊದಲು ಬಂತು. 1983, 2005, 2016ರಲ್ಲಿ ಪರಿಷ್ಕರಣೆಯಾಯಿತು. 2016ರದ್ದು ಎರಡು ದಪ್ಪ ಸಂಪುಟ. ಅದರ 9ನೇ ಭಾಗ ಪೂರ್ತಿ ನೀರು, ಚರಂಡಿ, ಕಸ ಮತ್ತು ಗ್ಯಾಸಿನ ಕೊಳವೆಗಳದ್ದು. ದೊಡ್ಡ ಆಸ್ಪತ್ರೆ, ಎತ್ತರದ ಕಟ್ಟಡಗಳನ್ನೂ ಒಳಗೊಂಡಿರುವ ಕಾರಣ ಮನೆಯವರಿಗೆ ಬೇಕಾದ ಮಾತು ಅಲ್ಲೊಂದು ಇಲ್ಲೊಂದು ಚದುರಿಹೋಗಿದೆ. ಇದರ ಬದಲು ಬಿಡಿ ಮಾನಕಗಳೇ ಅನುಕೂಲ: ನೀರು ಪೂರೈಕೆಗೆ ಐಎಸ್ (ಇಂಡಿಯನ್ ಸ್ಟ್ಯಾಂಡರ್ಡ್) 2065, ಮನೆಯ ಚರಂಡಿಗೆ ಐಎಸ್ 1742, ಸೆಪ್ಟಿಕ್ ಟ್ಯಾಂಕಿಗೆ ಐಎಸ್ 2470, ಕಾಂಕ್ರೀಟಿಗೆ ಐಎಸ್ 456, ಗೋಡೆಗೆ ಐಎಸ್ 1905. ಇನ್ನೊಂದು ಮಾತು ನೆನಪಿರಲಿ: ಎನ್‌ಬಿಸಿ ತಾನಾಗಿ ಕಾನೂನಲ್ಲ. ನಗರಸಭೆ, ಪುರಸಭೆ ಅಥವಾ ಪಂಚಾಯತಿಗೆ ಅನ್ವಯವಾಗುವ ಕಟ್ಟಡ ನಿಯಮಗಳಲ್ಲಿ ಸೇರಿದಷ್ಟು ಮಾತ್ರ ಕಡ್ಡಾಯ. ಉಳಿದದ್ದು ಒಳ್ಳೆಯ ಕೆಲಸದ ಅಳತೆ.

ಇನ್ನು ಐಎಸ್ 2470. ಇದರಲ್ಲಿ ಎರಡು ಭಾಗ, ಎರಡೂ 1985ರವು. ಮೊದಲ ಭಾಗ ಟ್ಯಾಂಕಿನದು. ಕನಿಷ್ಠ ಅಗಲ 750 ಮಿ.ಮೀ., ನೀರಿನ ಆಳ ಕನಿಷ್ಠ 1 ಮೀಟರ್, ನೀರು ಹಿಡಿಯುವುದು ಕನಿಷ್ಠ 1000 ಲೀಟರ್, ಉದ್ದ ಅಗಲದ ಎರಡರಿಂದ ನಾಲ್ಕು ಪಟ್ಟು. ಐದು ಮಂದಿಯ ಮನೆಗೆ 1.5 ಮೀಟರ್ ಉದ್ದ, 0.75 ಮೀಟರ್ ಅಗಲ. ಎರಡು ವರ್ಷಕ್ಕೊಮ್ಮೆ ಖಾಲಿ ಮಾಡಿಸುವುದಾದರೆ ನೀರಿನ ಆಳ 1.05 ಮೀಟರ್. ಹತ್ತು ಮಂದಿಗೆ 2 ಮೀಟರ್ ಉದ್ದ, 0.9 ಮೀಟರ್ ಅಗಲ, 1.4 ಮೀಟರ್ ಆಳ. ನೀರಿನ ಮಟ್ಟದ ಮೇಲೆ 300 ಮಿ.ಮೀ. ಖಾಲಿ ಬಿಡಬೇಕು. ಹೊರಹೋಗುವ ಪೈಪಿನ ತಳ ಒಳಬರುವ ಪೈಪಿನ ತಳಕ್ಕಿಂತ 50 ಮಿ.ಮೀ. ಕೆಳಗಿರಬೇಕು. ಟ್ಯಾಂಕು 2000 ಲೀಟರಿಗಿಂತ ದೊಡ್ಡದಾದರೆ ನಡುವೆ ಅಡ್ಡಗೋಡೆ ಹಾಕಿ, ಮೊದಲ ಕೋಣೆ ಎರಡನೆಯದರ ಎರಡರಷ್ಟು ಇರುವಂತೆ ಮಾಡಬೇಕು.

ನಮ್ಮ ಕಡೆ ಕಟ್ಟುವ ಟ್ಯಾಂಕುಗಳು ಗಾತ್ರದಲ್ಲಿ ಸೋಲುವುದು ಅಪರೂಪ. ಎಲ್ಲರೂ ದೊಡ್ಡದನ್ನೇ ಕಟ್ಟಿಸುತ್ತಾರೆ. ಸೋಲುವುದು ಎರಡು ಕಡೆ. ಒಂದು, ಒಳಬರುವ ಮತ್ತು ಹೊರಹೋಗುವ ಬಾಯಿಗೆ ಕೆಳಮುಖದ ಟೀ (T ಆಕಾರದ ಪೈಪು ಜೋಡಣೆ) ಹಾಕದೆ ಪೈಪನ್ನು ನೇರ ಚಾಚಿಬಿಡುವುದು. ಆಗ ಮೇಲೆ ತೇಲುವ ಕೆನೆ ನೇರವಾಗಿ ಇಂಗುಗುಂಡಿಗೆ ಹೋಗಿ, ಕಲ್ಲುಗಳ ಸಂದು ಕಟ್ಟಿಕೊಂಡು, ಕೆಲವೇ ವರ್ಷಗಳಲ್ಲಿ ಗುಂಡಿ ನೀರು ಎಳೆಯುವುದನ್ನು ನಿಲ್ಲಿಸುತ್ತದೆ. ಇನ್ನೊಂದು, ಗಾಳಿಕೊಳವೆ. ಅದು ಕನಿಷ್ಠ 50 ಮಿ.ಮೀ. ವ್ಯಾಸದ್ದಿರಬೇಕು, ಟ್ಯಾಂಕು ಮನೆಯಿಂದ 15 ಮೀಟರಿನೊಳಗಿದ್ದರೆ ಮನೆಯ ಮಾಡಿಗಿಂತ 2 ಮೀಟರ್ ಮೇಲಕ್ಕೆ ಹೋಗಬೇಕು ಎನ್ನುತ್ತದೆ ಮಾನಕ. ಕಿಟಕಿಯ ಎತ್ತರಕ್ಕೇ ನಿಲ್ಲಿಸಿದ ಕೊಳವೆಗಳನ್ನು ಯಾವ ಊರಿನಲ್ಲಿಯೂ ನೋಡಬಹುದು. ವಾಸನೆ ಬರುತ್ತದೆಂದು ಬಾಯಿಗೆ ಮುಚ್ಚಳ ಹಾಕಿದವರೂ ಇದ್ದಾರೆ. ಹಾಗೆ ಮುಚ್ಚಿದರೆ ಒಳಗಿನ ಗಾಳಿ ಬಚ್ಚಲಿನ ಟ್ರ್ಯಾಪ್ (ನೀರು ನಿಂತು ವಾಸನೆ ತಡೆಯುವ ಬಾಗು) ದಾಟಿ ಮನೆಯೊಳಗೇ ಬರುತ್ತದೆ.

ಎರಡನೇ ಭಾಗವೇ ಈ ಇಡೀ ಸಂಗ್ರಹದಲ್ಲಿ ನಮಗೆ ಚಿನ್ನದಂಥದ್ದು. ಟ್ಯಾಂಕಿನಿಂದ ಹೊರಬರುವ ನೀರು ಶುದ್ಧವಲ್ಲ, ಅದನ್ನು ಮಣ್ಣಿಗೆ ಹೇಗೆ ಕೊಡಬೇಕು ಎಂಬುದೇ ಇದರ ವಿಷಯ. ಇಂಗಿಸುವ ಜಾಗ ಕುಡಿಯುವ ನೀರಿನ ಬಾವಿಯಿಂದ 18 ಮೀಟರಿಗಿಂತ ಹತ್ತಿರ ಇರಬಾರದು, ಅಂದರೆ ಸುಮಾರು 60 ಅಡಿ. ಮನೆಯ ಗೋಡೆಯಿಂದ 6 ಮೀಟರ್ ದೂರ ಇರಬೇಕು. ಇದು ನಿಮ್ಮ ಬಾವಿಗೆ ಮಾತ್ರ ಹೇಳಿದ ಮಾತಲ್ಲ, ಬೇಲಿಯಾಚೆಯ ಬಾವಿಗೂ ಹೇಳಿದ್ದು. ಮೂರು ಗುಂಟೆ ಜಾಗವೆಂದರೆ ಸುಮಾರು 300 ಚದರ ಮೀಟರ್. ಅದರಲ್ಲಿ ಮನೆ, ಬಾವಿ ಎರಡೂ ಇದ್ದರೆ 18 ಮೀಟರ್ ಸಿಗುವುದು ಮೂಲೆಯಿಂದ ಮೂಲೆಗೆ ಎಳೆದರೆ ಮಾತ್ರ. ಹಾಗಾಗಿ ಬಚ್ಚಲು ಎಲ್ಲಿ ಎಂದು ತೀರ್ಮಾನಿಸುವ ಮೊದಲೇ ಟೇಪು ಹಿಡಿದು ನಿಮ್ಮ ಬಾವಿ, ಎಡಮನೆಯ ಬಾವಿ, ಬಲಮನೆಯ ಬಾವಿ ಮೂರರಿಂದಲೂ ಅಳೆದು ಕಾಗದದ ಮೇಲೆ ವೃತ್ತ ಹಾಕಿ. ಮೂರೂ ವೃತ್ತಗಳ ಹೊರಗೆ ಉಳಿದ ಜಾಗವೇ ಗುಂಡಿಯ ಜಾಗ.

ದೂರದಷ್ಟೇ ಮುಖ್ಯ ಭೂಮಿಯೊಳಗಿನ ನೀರಿನ ಮಟ್ಟ. ನೆಲಮಟ್ಟದಿಂದ 1.8 ಮೀಟರಿನೊಳಗೆ, ಅಂದರೆ ಆರು ಅಡಿಯೊಳಗೆ ನೀರು ಬರುವ ಜಾಗದಲ್ಲಿ ಗುಂಡಿ ತೋಡಬೇಡಿ, ನೆಲದ ಮೇಲೆ ದಿಬ್ಬ ಮಾಡಿ ಅದರೊಳಗೆ ಇಂಗುಕಾಲುವೆ ಹಾಕಿ ಎನ್ನುತ್ತದೆ ಮಾನಕ. ಈಗ ಜುಲೈ ತಿಂಗಳ ಬಾವಿಯನ್ನು ನೆನಪಿಸಿಕೊಳ್ಳಿ. ಅಘನಾಶಿನಿಯ ಗಜನಿ (ಉಪ್ಪುನೀರು ನುಗ್ಗುವ ಗದ್ದೆ) ಬಯಲಿನ ಅಂಚಿನಲ್ಲಿ, ಗಂಗಾವಳಿ ಬಾಯಿಯಲ್ಲಿ, ಕಾಳಿ ದಂಡೆಯ ತಗ್ಗಿನಲ್ಲಿ ಬಾವಿ ನೀರನ್ನು ಬಗ್ಗಿ ಕೈಯಲ್ಲೇ ಮುಟ್ಟುವಂತಿರುತ್ತದೆ. ಅಂಥಲ್ಲಿ ಹತ್ತು ಅಡಿ ಆಳದ ಗುಂಡಿಗೆ ಸಿಮೆಂಟ್ ರಿಂಗ್ ಇಳಿಸಿದರೆ ಅದು ಇಂಗುಗುಂಡಿ ಆಗುವುದಿಲ್ಲ, ಅಂತರ್ಜಲದೊಳಗೆ ಮುಳುಗಿದ ಇನ್ನೊಂದು ಬಾವಿ ಆಗುತ್ತದೆ. ಮಲಿನ ನೀರು ಮಣ್ಣಿನ ಮೂಲಕ ಸೋಸಿ ಹೋಗುವ ಬದಲು ನೇರವಾಗಿ ಕುಡಿಯುವ ನೀರಿಗೆ ಬೆರೆಯುತ್ತದೆ. ಮಳೆಗಾಲದಲ್ಲಿ ಕಮೋಡಿನ ನೀರು ಹಿಂದಕ್ಕೆ ಬರುವುದೂ ಇದೇ ಕಾರಣಕ್ಕೆ. ಪೈಪು ಕಟ್ಟಿದೆ ಎಂದು ಸರಳು ಹಾಕಿ ತಳ್ಳಿಸುತ್ತಾರೆ, ಆದರೆ ಕಟ್ಟಿರುವುದು ಪೈಪಲ್ಲ. ಗುಂಡಿಯೇ ಅಂತರ್ಜಲದಿಂದ ತುಂಬಿರುತ್ತದೆ.

ಇಂಗುಕಾಲುವೆಯ ಅಳತೆಯೂ ಅದರಲ್ಲೇ ಇದೆ: 0.5ರಿಂದ 1 ಮೀಟರ್ ಆಳ, 0.3ರಿಂದ 1 ಮೀಟರ್ ಅಗಲ, ತಳಕ್ಕೆ 150ರಿಂದ 250 ಮಿ.ಮೀ. ತೊಳೆದ ಜೆಲ್ಲಿ, ಅದರ ಮೇಲೆ ಸಂದುಬಿಟ್ಟ 75ರಿಂದ 100 ಮಿ.ಮೀ. ಪೈಪು. ಒಂದು ಕಾಲುವೆ 30 ಮೀಟರಿಗಿಂತ ಉದ್ದ ಬೇಡ, ಎರಡರ ನಡುವೆ 2 ಮೀಟರ್ ಅಂತರ. ದಿಬ್ಬಕ್ಕೆ ಟ್ಯಾಂಕಿನ ನೀರು ತಾನಾಗಿ ಹರಿಯಬೇಕಾದರೆ ಟ್ಯಾಂಕನ್ನೇ ಎತ್ತರಿಸಬೇಕು, ಅಂದರೆ ಬಚ್ಚಲಿನ ನೆಲವನ್ನೂ ಎತ್ತರಿಸಬೇಕು. ಈ ಲೆಕ್ಕ ಮೊದಲೇ ಗೊತ್ತಿದ್ದರೆ ಎರಡು ಮೆಟ್ಟಿಲು ಹೆಚ್ಚಿಗೆ ಕಟ್ಟಿದರೆ ಮುಗಿಯಿತು. ಟೈಲ್ಸ್ ಹಾಕಿಸಿದ ಮೇಲೆ ಗೊತ್ತಾದರೆ ಪಂಪಿಡುವುದೊಂದೇ ದಾರಿ.

ಮಣ್ಣು ನೀರು ಕುಡಿಯುವ ವೇಗ ಅಳೆಯುವ ಪರೀಕ್ಷೆಯನ್ನು ಯಾರೂ ಮಾಡುವುದಿಲ್ಲ, ಆದರೆ ಅದಕ್ಕೆ ಗುದ್ದಲಿ, ಸ್ಕೇಲು, ಗಡಿಯಾರ ಸಾಕು. ಕಾಲುವೆ ಬರುವ ಆಳಕ್ಕೆ 100ರಿಂದ 300 ಮಿ.ಮೀ. ಅಗಲದ ಕುಳಿ ತೋಡಿ. ತಳಕ್ಕೆ 50 ಮಿ.ಮೀ. ಸಣ್ಣ ಜೆಲ್ಲಿ ಹಾಕಿ. 300 ಮಿ.ಮೀ. ನೀರು ತುಂಬಿ ರಾತ್ರಿಯಿಡೀ ನೆನೆಯಲು ಬಿಡಿ. ಮರುದಿನ ಜೆಲ್ಲಿಯ ಮೇಲೆ 150 ಮಿ.ಮೀ. ನೀರು ನಿಲ್ಲಿಸಿ ಅರ್ಧ ಗಂಟೆಯಲ್ಲಿ ಎಷ್ಟು ಇಳಿಯಿತು ನೋಡಿ. 25 ಮಿ.ಮೀ. ಇಳಿಯಲು ಎಷ್ಟು ನಿಮಿಷ ಎಂಬುದೇ ಬೇಕಾದ ಅಂಕಿ. ಅರ್ಧ ಗಂಟೆಗೆ 40 ಮಿ.ಮೀ. ಇಳಿದರೆ ಸುಮಾರು 19 ನಿಮಿಷವಾಯಿತು, ಗುಂಡಿ ನಡೆಯುತ್ತದೆ. 30ರಿಂದ 60 ನಿಮಿಷದೊಳಗಾದರೆ ಗುಂಡಿ ಬೇಡ, ಕಾಲುವೆಯೇ ಬೇಕು. ಅರ್ಧ ಗಂಟೆಗೆ 10 ಮಿ.ಮೀ. ಮಾತ್ರ ಇಳಿದರೆ 75 ನಿಮಿಷವಾಯಿತು. ಅಂಥ ಮಣ್ಣಿಗೆ ಇಂಗಿಸುವ ಮಾತೇ ಬೇಡ, ಟ್ಯಾಂಕಿನ ಮುಂದೆ ಜೆಲ್ಲಿ ತುಂಬಿದ ಮೇಲ್ಮುಖ ಸೋಸುಕೋಣೆ ಕಟ್ಟಬೇಕು. ಅದರ ಗಾತ್ರ ಟ್ಯಾಂಕಿನ ನೀರಿನ ಗಾತ್ರದ ಮೂರನೇ ಒಂದರಿಂದ ಅರ್ಧದಷ್ಟು.

ಇಲ್ಲಿ ಮಾನಕ ಹೇಳದೆ ಬಿಟ್ಟ ಒಂದು ಸಂಗತಿ ಇದೆ, ಅದು ನಮ್ಮ ನೆಲದ ಗುಣ. ಮೇಲೆ ಚಿರೇಕಲ್ಲಿನ ಪದರ, ಅದರ ಕೆಳಗೆ ಶೇಡಿಮಣ್ಣು. ಚಿರೇಕಲ್ಲಿನ ತೂತುಗಳಲ್ಲಿ ನೀರು ಸರಸರ ಇಳಿಯುತ್ತದೆ, ಪರೀಕ್ಷೆಯಲ್ಲಿ ಮಣ್ಣು ಬಹಳ ಒಳ್ಳೆಯದೆಂದು ಕಾಣುತ್ತದೆ. ಆದರೆ ಶೇಡಿಗೆ ತಾಗಿದೊಡನೆ ಕೆಳಕ್ಕೆ ಹೋಗಲಾರದೆ ಅಡ್ಡಕ್ಕೆ ಹರಿಯುತ್ತದೆ, ಇಳುಕಲಿನ ಕಡೆಗೆ. ಬಾವಿಯ ಒಳಗೋಡೆಯಲ್ಲಿ ಮಳೆಗಾಲದಲ್ಲಿ ಒರತೆ ಜಿನುಗುವುದೂ ಇದೇ ಸಂದಿಯಿಂದ. ತೂತಿನ ಮೂಲಕ ಓಡುವ ನೀರಿಗೆ ಸೋಸುವಿಕೆ ಕಡಿಮೆ. ಆದ್ದರಿಂದ ಚಿರೇಕಲ್ಲಿನ ನೆಲದಲ್ಲಿ 18 ಮೀಟರನ್ನು ಕನಿಷ್ಠವೆಂದೇ ತಿಳಿಯಿರಿ, ಗುಂಡಿ ಬಾವಿಗಿಂತ ಇಳುಕಲಿನಲ್ಲಿರಲಿ, ತಳಕ್ಕೆ ಮತ್ತು ಸುತ್ತ ಒಂದು ಅಡಿ ದಪ್ಪ ಮರಳು ಹಾಕಿ. ಏಪ್ರಿಲಿನಲ್ಲಿ ಮಾಡಿದ ಪರೀಕ್ಷೆ ನಂಬಬೇಡಿ. ವರ್ಷಕ್ಕೆ ಮೂರು ಸಾವಿರ ಮಿ.ಮೀ. ಆಸುಪಾಸು ಮಳೆ ಬೀಳುವ ಊರಿನಲ್ಲಿ ಪರೀಕ್ಷೆಗೆ ತಕ್ಕ ಕಾಲ ಆಷಾಢವೇ.

ಚರಂಡಿಯ ಮಾನಕ ಐಎಸ್ 1742 ಇದಕ್ಕಿಂತ ಸರಳ. ಕಮೋಡಿನಿಂದ ಹೊರಡುವ ಪೈಪು 100 ಮಿ.ಮೀ.ಗಿಂತ ಚಿಕ್ಕದಿರಬಾರದು. ಅದಕ್ಕೆ ಇಳಿಜಾರು 57ಕ್ಕೆ 1, 150 ಮಿ.ಮೀ. ಪೈಪಿಗೆ 100ಕ್ಕೆ 1. ಬಚ್ಚಲಿನಿಂದ ಟ್ಯಾಂಕಿಗೆ 9 ಮೀಟರ್ ದೂರವಿದ್ದರೆ ಒಟ್ಟು ಇಳಿತ 158 ಮಿ.ಮೀ., ಅಂದರೆ ಆರು ಇಂಚಿಗಿಂತ ಸ್ವಲ್ಪ ಹೆಚ್ಚು. ಹಳೆಯ ಮನೆಯ ಹಿತ್ತಲಿನಲ್ಲಿ ಈ ಆರು ಇಂಚು ಸಿಗದೆಯೇ ಪ್ಲಂಬರ್ ಪೈಪನ್ನು ಮಟ್ಟಸ ಮಲಗಿಸುತ್ತಾನೆ. ನೀರು ನಿಧಾನವಾಗಿ ಘನವಸ್ತು ತಳದಲ್ಲಿ ಉಳಿಯುತ್ತದೆ. ತಿರುವು ಬಂದಲ್ಲೆಲ್ಲ ಚೇಂಬರ್ ಬೇಕು. ಚೇಂಬರಿನ ಬದಲು ಮಣ್ಣಿನೊಳಗೆ 90 ಡಿಗ್ರಿ ಎಲ್ಬೋ ಹೂತರೆ ಕಟ್ಟಿಕೊಂಡಾಗ ಅಗೆಯದೆ ಬೇರೆ ದಾರಿ ಇಲ್ಲ. ಮಾಡಿನ ನೀರನ್ನು ಈ ಸಾಲಿಗೆ ಎಂದೂ ಸೇರಿಸಬೇಡಿ. ಒಂದು ಜೋರು ಮಳೆಗೆ ಟ್ಯಾಂಕಿನ ತಳದ ಕೆಸರೆಲ್ಲ ಎದ್ದು ಗುಂಡಿಗೆ ಹೋಗುತ್ತದೆ.

ಟ್ರ್ಯಾಪಿನ ವಿಷಯದಲ್ಲಿ ನೆನಪಿಡಬೇಕಾದ ಅಂಕಿ ಒಂದೇ: ಒಳಗೆ ನಿಲ್ಲುವ ನೀರಿನ ಸೀಲು ಕನಿಷ್ಠ 50 ಮಿ.ಮೀ. ಇರಬೇಕು. ಅಂಗಡಿಯಲ್ಲಿ ನಹಾನಿ ಟ್ರ್ಯಾಪ್ (ಬಚ್ಚಲಿನ ನೆಲಕ್ಕೆ ಕೂರಿಸುವ ಟ್ರ್ಯಾಪ್) ಕೊಳ್ಳುವಾಗ ಇದನ್ನು ಅಲ್ಲೇ ಅಳೆಯಬಹುದು. ಟ್ರ್ಯಾಪನ್ನು ಮಟ್ಟಸವಾಗಿ ಇಟ್ಟು ನೀರು ಹೊಯ್ಯಿರಿ, ಹೊರಬಾಯಿಯಿಂದ ಹರಿದು ನಿಂತ ಮೇಲೆ ಒಳಗಿನ ನೀರಿನ ಮಟ್ಟಕ್ಕೆ ಗುರುತು ಹಾಕಿ. ನೀರು ಚೆಲ್ಲಿ, ಒಳಗೆ ಅಡ್ಡ ಇಳಿದಿರುವ ತಡಿಕೆಯ ಕೆಳಅಂಚಿನಿಂದ ಆ ಗುರುತಿನವರೆಗೆ ಸ್ಕೇಲು ಇಡಿ. ಸ್ಲ್ಯಾಬಿನ ದಪ್ಪದೊಳಗೆ ಕೂರಲೆಂದು ಮಾಡಿದ ತೆಳು ಟ್ರ್ಯಾಪುಗಳಲ್ಲಿ ಈ ಅಂತರ ಬಹಳ ಕಡಿಮೆ ಇರುತ್ತದೆ. ಅಂಥವು ಬಕೆಟ್ ನೀರು ಒಮ್ಮೆಲೇ ಹೊಯ್ದಾಗ ಎಳೆದುಕೊಂಡು ಖಾಲಿಯಾಗುತ್ತವೆ, ಬೇಸಿಗೆಯಲ್ಲಿ ಬೇಗ ಒಣಗುತ್ತವೆ. ಮುಂಬೈ, ಬೆಂಗಳೂರಿನಲ್ಲಿ ನೆಲೆಸಿ ಊರಮನೆಗೆ ಬೀಗ ಹಾಕಿಟ್ಟವರು ಹೊರಡುವ ದಿನ ಪ್ರತಿ ಟ್ರ್ಯಾಪಿಗೂ ಒಂದು ಚೆಂಬು ನೀರು, ಅದರ ಮೇಲೆ ಎರಡು ಚಮಚ ಕೊಬ್ಬರಿ ಎಣ್ಣೆ ಹಾಕಿದರೆ ನೀರು ಆರುವುದು ನಿಧಾನವಾಗುತ್ತದೆ. ಇದು ಮಾನಕದಲ್ಲಿಲ್ಲ, ಆದರೆ ಕೆಲಸಕ್ಕೆ ಬರುತ್ತದೆ. ಚಳಿಗೆ ಎಣ್ಣೆ ಹೆಪ್ಪುಗಟ್ಟಿದರೂ ತೊಂದರೆಯಿಲ್ಲ, ಬಿಸಿನೀರು ಹೊಯ್ದರೆ ಹೋಗುತ್ತದೆ.

ನೀರು ಪೂರೈಕೆಯಲ್ಲಿ ನಮ್ಮ ಕಡೆಯ ದೊಡ್ಡ ತಪ್ಪು ನಗರಸಭೆಯ ನಲ್ಲಿ ಮತ್ತು ಬಾವಿಯ ಪಂಪು ಎರಡನ್ನೂ ಒಂದೇ ಪೈಪಿಗೆ ಟೀ ಹಾಕಿ ಕೂಡಿಸುವುದು. ನಡುವೆ ವಾಲ್ವ್ ಇದೆಯಲ್ಲ ಎನ್ನುತ್ತಾರೆ. ವಾಲ್ವ್ ಸೋರಿದರೆ ಬಾವಿ ನೀರು ಊರಿನ ಪೈಪಿಗೆ ಹೋಗುತ್ತದೆ, ನಲ್ಲಿಯಲ್ಲಿ ನೀರು ನಿಂತ ಹೊತ್ತಿನಲ್ಲಿ ಎಳೆದೂ ಹೋಗುತ್ತದೆ. ಇಂಥ ಕೂಡಿಕೆಯನ್ನು ಸಂಹಿತೆ ಒಪ್ಪುವುದಿಲ್ಲ. ಎರಡೂ ಪೈಪುಗಳು ಬೇರೆಬೇರೆಯಾಗಿ ಟ್ಯಾಂಕಿನ ಮೇಲುಗಡೆಯಿಂದ, ತುಂಬಿದ ನೀರಿಗೆ ತಾಗದಂತೆ, ಗಾಳಿಯ ಅಂತರ ಬಿಟ್ಟು ಬೀಳಬೇಕು. ಖರ್ಚು ಕೆಲವು ಮೀಟರ್ ಪೈಪಿನದಷ್ಟೇ.

ಪೈಪು ಕೊಳ್ಳುವಾಗ ಬ್ಯೂರೋದ ಇನ್ನೊಂದು ಸೇವೆ ನೆರವಿಗೆ ಬರುತ್ತದೆ: ಬಿಐಎಸ್ ಕೇರ್ ಆ್ಯಪ್. ಐಎಸ್‌ಐ ಗುರುತಿನ ಮೇಲೆ ಮಾನಕದ ಸಂಖ್ಯೆ, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇರುತ್ತದೆ. ಆ ಸಂಖ್ಯೆಯನ್ನು ಆ್ಯಪಿನಲ್ಲಿ ಹಾಕಿದರೆ ಲೈಸೆನ್ಸ್ ಯಾರದು, ಯಾವ ಸಾಮಾನಿಗೆ, ಚಾಲ್ತಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. ಈ ಆ್ಯಪಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ, ಅಂಗಡಿಯ ಕಟ್ಟೆಯ ಮೇಲೆ ನಿಂತೇ ಮುಗಿಯುವ ಕೆಲಸ. ಸಂಖ್ಯೆಗಳು ಹೀಗಿವೆ: ತಣ್ಣೀರಿನ ಯುಪಿವಿಸಿಗೆ ಐಎಸ್ 4985, ಬಿಸಿನೀರಿನ ಸಿಪಿವಿಸಿಗೆ 15778, ಚರಂಡಿಯ ಎಸ್‌ಡಬ್ಲ್ಯುಆರ್ ಪೈಪಿಗೆ 13592, ಪ್ಲಾಸ್ಟಿಕ್ ಟ್ಯಾಂಕಿಗೆ 12701. ಎಸ್‌ಡಬ್ಲ್ಯುಆರ್‌ನಲ್ಲಿ ಟೈಪ್ ಎ, ಟೈಪ್ ಬಿ ಎಂದು ಎರಡಿದೆ. ಎ ಇರುವುದು ಮಳೆನೀರಿಗೆ ಮತ್ತು ಗಾಳಿಕೊಳವೆಗೆ, ಬಿ ಇರುವುದು ಕಮೋಡಿನ ಸಾಲಿಗೆ. 110 ಮಿ.ಮೀ. ಪೈಪಿನಲ್ಲಿ ಎ ಗೋಡೆಯ ದಪ್ಪ 2.2 ಮಿ.ಮೀ., ಬಿಯದು 3.2. ಎರಡೂ ಒಂದೇ ಬಣ್ಣ, ಒಂದೇ ಫಿಟ್ಟಿಂಗ್ ಕೂರುತ್ತದೆ, ದರ ಬೇರೆ. ಬಿಲ್ಲಿನಲ್ಲಿ ಟೈಪ್ ಬರೆಸಿಕೊಳ್ಳಿ, ಪೈಪಿನ ಮೇಲಿನ ಅಚ್ಚನ್ನು ಓದಿ. ಹೂತ ಟೈಪ್ ಎ ಪೈಪು ಮೇಲೆ ಮಣ್ಣಿನ ಭಾರ ಬಿದ್ದು ಮೊಟ್ಟೆಯಾಕಾರಕ್ಕೆ ಬಗ್ಗಿದರೆ ಜೋಡಣೆಯ ರಬ್ಬರ್ ರಿಂಗ್ ಬಿಟ್ಟುಕೊಳ್ಳುತ್ತದೆ.

ಗೋಡೆಯೊಳಗೆ ಪೈಪು ಹುದುಗಿಸುವವರು ಐಎಸ್ 1905ರ ಒಂದು ಸಾಲು ಓದಬೇಕು. ಲಂಬವಾದ ಕಾಲುವೆ ಗೋಡೆಯ ದಪ್ಪದ ಮೂರನೇ ಒಂದಕ್ಕಿಂತ, ಅಡ್ಡ ಕಾಲುವೆ ಆರನೇ ಒಂದಕ್ಕಿಂತ ಆಳ ಇರಬಾರದು. 230 ಮಿ.ಮೀ. ಚಿರೇಕಲ್ಲಿನ ಗೋಡೆಯಲ್ಲಿ ಅಡ್ಡಕ್ಕೆ ಸಿಗುವುದು 38 ಮಿ.ಮೀ. ಮಾತ್ರ. ಒಂದು ಇಂಚಿನ ಸಿಪಿವಿಸಿ ಪೈಪಿನ ಹೊರವ್ಯಾಸವೇ 28.6 ಮಿ.ಮೀ., ಮೇಲೆ ಗಾರೆಗೆ ಉಳಿಯುವುದು ಒಂದು ಸೆಂಟಿಮೀಟರಿಗಿಂತ ಕಡಿಮೆ. ಚಿರೇಕಲ್ಲಿಗೆ ಚಾಣ ಹೊಡೆದರೆ ಬೇಕಾದಷ್ಟೇ ಎದ್ದು ಬರುವುದಿಲ್ಲ, ಮುಷ್ಟಿಗಾತ್ರದ ತುಂಡುಗಳೇ ಬೀಳುತ್ತವೆ. ಹಾಗಾಗಿ ಅಡ್ಡ ಸಾಲನ್ನು ನೆಲದೊಳಗೆ ಅಥವಾ ಗೋಡೆಯ ಹೊರಗೆ ಓಡಿಸಿ, ನಲ್ಲಿ ಇರುವಲ್ಲಿ ಮಾತ್ರ ಲಂಬವಾಗಿ ಏರಿಸಿ. ಕಟ್ಟರಿನಲ್ಲಿ ಎರಡು ಗೆರೆ ಕೊಯ್ದ ಮೇಲೆಯೇ ಚಾಣ ಹಿಡಿಯಬೇಕು.

ಇನ್ನು ಕಾಂಕ್ರೀಟು. ಐಎಸ್ 456:2000ರ 3, 5 ಮತ್ತು 16ನೇ ಕೋಷ್ಟಕಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದರೆ ಕರಾವಳಿಯ ಸ್ಲ್ಯಾಬುಗಳು ಹದಿನೈದಿಪ್ಪತ್ತು ವರ್ಷದಲ್ಲೇ ಕೆಳಗಿನಿಂದ ಕಳಚಿ ಬೀಳುವುದು ಏಕೆಂದು ಅರ್ಥವಾಗುತ್ತದೆ. ಕರಾವಳಿಯ ಗಾಳಿಗೆ ತೆರೆದ ಕಾಂಕ್ರೀಟನ್ನು ಅದು ‘ತೀವ್ರ’ ವರ್ಗಕ್ಕೆ ಹಾಕುತ್ತದೆ. ಅದಕ್ಕೆ ಕನಿಷ್ಠ ಎಂ30 ದರ್ಜೆಯ ಕಾಂಕ್ರೀಟು, ಘನ ಮೀಟರಿಗೆ ಕನಿಷ್ಠ 320 ಕಿಲೋ ಸಿಮೆಂಟು, ನೀರು ಸಿಮೆಂಟಿನ ತೂಕದ 0.45ಕ್ಕಿಂತ ಹೆಚ್ಚಲ್ಲ, ಸರಳಿನ ಮೇಲೆ 45 ಮಿ.ಮೀ. ಕವರ್ (ಸರಳನ್ನು ಮುಚ್ಚುವ ಕಾಂಕ್ರೀಟಿನ ದಪ್ಪ). ಅಲೆಯ ಹನಿ ನೇರ ಬಡಿಯುವಲ್ಲಿ ಎಂ35 ಮತ್ತು 50 ಮಿ.ಮೀ. ಕವರ್. ಉಪ್ಪುಗಾಳಿಯಿಂದ ಮರೆಯಾದ ಒಳಭಾಗಕ್ಕೆ ಎಂ25, 30 ಮಿ.ಮೀ. ಸಾಕು. ಭಾರೀ ಮಳೆಗೆ ಮೈಯೊಡ್ಡಿದ ಕಾಂಕ್ರೀಟೂ ‘ತೀವ್ರ’ವೇ ಎಂದು ಅಲ್ಲಿದೆ. ಆದ್ದರಿಂದ ಉಪ್ಪು ತಾಗದ ಶಿರಸಿಯವರೂ ಸಜ್ಜಾ, ಬಾಲ್ಕನಿಗಳಿಗೆ ಈ ಅಂಕಿಯನ್ನೇ ಹಿಡಿಯಬೇಕು. ಸಮುದ್ರದಿಂದ ಎಷ್ಟು ದೂರದವರೆಗೆ ಕರಾವಳಿ ಎಂದು ಮಾನಕ ಹೇಳುವುದಿಲ್ಲ. ಅದೊಂದು ಕೊರತೆ. ಮನೆಯ ಕಿಟಕಿ ಸರಳು, ಗೇಟಿನ ಬಿಜಾಗರಿ ಎಷ್ಟು ಬೇಗ ತುಕ್ಕು ಹಿಡಿಯುತ್ತದೆ ಎಂಬುದನ್ನೇ ನೋಡಿ ತೀರ್ಮಾನಿಸಬೇಕಾಗುತ್ತದೆ.

ಇಲ್ಲಿ ಎರಡು ಮಾತನ್ನು ಒತ್ತಿ ಹೇಳಬೇಕು. ಒಂದು, ಅಳತೆ ಡಬ್ಬಿಯ ಲೆಕ್ಕದ ಸಿಮೆಂಟು ಒಂದಕ್ಕೆ ಮರಳು ಒಂದೂವರೆ, ಜೆಲ್ಲಿ ಮೂರು ಎಂಬ ಮಿಶ್ರಣಕ್ಕೆ ಮಾನಕ ಒಪ್ಪುವುದು ಎಂ20ರವರೆಗೆ ಮಾತ್ರ. ಎಂ30 ಬೇಕಾದರೆ ಮಿಕ್ಸ್ ಡಿಸೈನ್ (ಸಾಮಗ್ರಿ ಪರೀಕ್ಷಿಸಿ ಮಿಶ್ರಣದ ಪ್ರಮಾಣ ನಿಗದಿ) ಮಾಡಿಸಬೇಕು ಅಥವಾ ರೆಡಿಮಿಕ್ಸ್ ತರಿಸಬೇಕು. 0.45ರ ಲೆಕ್ಕದಲ್ಲಿ 50 ಕಿಲೋ ಚೀಲಕ್ಕೆ ನೀರು 22.5 ಲೀಟರ್, ಮರಳಿನಲ್ಲಿರುವ ತೇವವೂ ಸೇರಿ. ಮಳೆ ನಿಂತ ಮರುದಿನದ ಒದ್ದೆ ಮರಳು 80 ಕಿಲೋ ಹಾಕಿದರೆ, ನೂರಕ್ಕೆ ಐದರಷ್ಟು ತೇವ ಇದ್ದರೂ 4 ಲೀಟರ್ ನೀರು ಆಗಲೇ ಒಳಗಿದೆ. ಎರಡು, ಕವರ್ ಹೆಚ್ಚಿಸುವುದೆಂದರೆ ಬರೇ ದಪ್ಪ ಕವರ್ ಬ್ಲಾಕ್ ಇಡುವುದಲ್ಲ. 100 ಮಿ.ಮೀ. ಸ್ಲ್ಯಾಬಿಗೆ 20 ಮಿ.ಮೀ. ಕವರ್ ಕೊಟ್ಟು 10 ಮಿ.ಮೀ. ಸರಳು ಹಾಕಿದರೆ ಸರಳಿನ ನಡುವಿನಿಂದ ಮೇಲ್ಮೈಗೆ 75 ಮಿ.ಮೀ. ಸಿಗುತ್ತದೆ, ಭಾರ ಹೊರುವುದು ಆ ಆಳದಿಂದ. ಅದೇ ಸ್ಲ್ಯಾಬಿಗೆ 45 ಮಿ.ಮೀ. ಬ್ಲಾಕ್ ಇಟ್ಟರೆ ಅದು 50ಕ್ಕೆ ಇಳಿಯಿತು, ಮೂರನೇ ಒಂದು ಪಾಲು ಹೋಯಿತು. ಸ್ಲ್ಯಾಬನ್ನೂ 125 ಮಿ.ಮೀ.ಗೆ ದಪ್ಪಗೊಳಿಸಬೇಕು, ಹೆಚ್ಚಿದ ಭಾರಕ್ಕೆ ತಕ್ಕಂತೆ ಸರಳಿನ ಲೆಕ್ಕವನ್ನು ಇಂಜಿನಿಯರ್ ಮತ್ತೆ ಮಾಡಬೇಕು. ಮಾನಕ ಓದಿದ ಮಾತ್ರಕ್ಕೆ ಈ ಕೆಲಸವನ್ನು ಯಾರೂ ತಾವೇ ಮಾಡಿಕೊಳ್ಳಬೇಡಿ.

ನೀರಿನ ಉಪ್ಪಿಗೂ ಮಿತಿ ಇದೆ: ಸರಳಿರುವ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು. ಅಳಿವೆಯ ಬದಿಯ ಬಾವಿಗಳು ಮಾರ್ಚ್ ದಾಟಿದ ಮೇಲೆ ಉಪ್ಪಾಗುತ್ತವೆ, ಸ್ಲ್ಯಾಬ್ ಹಾಕುವ ಹಂಗಾಮೂ ಅದೇ. ಆ ನೀರನ್ನು ಲ್ಯಾಬಿಗೆ ಕಳಿಸಿ ಕ್ಲೋರೈಡ್ ನೋಡಿಸಿ, ಟಿಡಿಎಸ್ ಮೀಟರ್ ತೋರಿಸುವುದು ಬೇರೆಯೇ ಅಂಕಿ, ಕರಗಿದ ಎಲ್ಲ ಲವಣಗಳ ಒಟ್ಟು ಲೆಕ್ಕ. ಕ್ಯೂರಿಂಗಿಗೂ ಆ ನೀರು ಬೇಡ.

ಅನುಮತಿಯ ಬಗ್ಗೆ ಈ ಜಾಲತಾಣದಲ್ಲಿ ಏನೂ ಸಿಗದು, ಸಿಗಬೇಕೆಂದು ನಿರೀಕ್ಷಿಸುವುದೂ ತಪ್ಪು. ಊರಿನೊಳಗಾದರೆ ನಗರಸಭೆ ಅಥವಾ ಪುರಸಭೆ, ಹಳ್ಳಿಯಾದರೆ ಪಂಚಾಯತಿ. ಸಮುದ್ರ, ಅಳಿವೆಗಳ ಅಂಚಿನಲ್ಲಿ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮವೂ ಸೇರುತ್ತದೆ. ಕಟ್ಟಬಾರದ ವಲಯದೊಳಗೂ ಅಧಿಕೃತವಾಗಿರುವ ಹಳೆಯ ಮನೆಯ ರಿಪೇರಿ, ಪುನರ್‌ನಿರ್ಮಾಣಕ್ಕೆ ಅವಕಾಶವಿದೆ, ಆದರೆ ಇರುವ ತಳಪಾಯದ ವಿಸ್ತೀರ್ಣ, ನೆಲಪ್ರದೇಶದ ಅನುಪಾತ ಹೆಚ್ಚಬಾರದು. ಹಿತ್ತಲಿಗೆ ಚಾಚಿ ಹೊಸ ಬಾತ್‌ರೂಮ್ ಕಟ್ಟುವುದು ರಿಪೇರಿಯಲ್ಲ, ತಳಪಾಯದ ವಿಸ್ತರಣೆ. ಹಳೆಯ ಮನೆಯ ಅಳತೆಯ ನಕ್ಷೆ, ತೆರಿಗೆ ರಸೀದಿ, ನಾಲ್ಕೂ ಬದಿಯ ಫೋಟೋ ಕೆಡವುವ ಮೊದಲೇ ಇರಲಿ.

ಕೆಲಸ ಒಪ್ಪಿಸುವಾಗ ಕಂತಿನ ಹಣವನ್ನು ಐಎಸ್ 1742ರ ನೀರಿನ ಪರೀಕ್ಷೆಗೆ ಕಟ್ಟಿಹಾಕಿ, ಮಣ್ಣು ಮುಚ್ಚುವ ಮೊದಲು ಮಾಡಿಸಿ. ಕೆಳಗಿನ ಚೇಂಬರಿನ ಬಾಯಿಗೆ ಬಿರಡೆ ಹಾಕಿಸಿ, ಮೇಲಿನ ತುದಿಗೆ ಒಂದು ಪೈಪು ನೆಟ್ಟಗೆ ನಿಲ್ಲಿಸಿ, ಚರಂಡಿಯ ಮೇಲ್ಮಟ್ಟಕ್ಕಿಂತ 1.5 ಮೀಟರ್ ಎತ್ತರಕ್ಕೆ ನೀರು ತುಂಬಿ. ಒಂದಿಷ್ಟು ಹೊತ್ತು ನೆನೆಯಲು ಬಿಟ್ಟು, ಮತ್ತೆ ಭರ್ತಿ ಮಾಡಿ, ಆಮೇಲೆ ಅರ್ಧ ಗಂಟೆ ಮಟ್ಟ ನೋಡಿ. ನೀರು ಇಳಿದರೆ ನೇರ ಸಾಲಿನ ಜೋಡಣೆಗಳಿಗಿಂತ ಮೊದಲು ಟ್ರ್ಯಾಪು ಪೈಪಿಗೆ ಕೂಡುವ ಜಾಗ, ಪೈಪು ಚೇಂಬರಿನ ಗೋಡೆ ದಾಟುವ ಜಾಗ, ಇವೆರಡನ್ನು ಒರೆಸಿ ಒಣಗಿಸಿ ನೋಡಿ.